ಹೆರಿಗೆಯ ನಂತರ ಯಾವ ಗರ್ಭನಿರೋಧಕ? ಕಾಸರಗೋಡಿನ ಬಾಣಂತಿಯರಿಗೆ ಒಂದು ಹೋಲಿಕೆ

ಎಂಟು ತಿಂಗಳ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದ ಹುಡುಗಿ ಬೆಂಚಿನ ತುದಿಯಲ್ಲಿ ಕೂತಳು. "ಸಿಸ್ಟರ್, ನಾಲ್ಕು ದಿನದಿಂದ ಬೆಳಿಗ್ಗೆ ಎದ್ದ ಕೂಡಲೇ ವಾಂತಿ. ಪಿತ್ತ ಆಗಿರಬೇಕು, ಏನಾದರೂ ಮದ್ದು ಕೊಡಿ" ಎಂದಳು. ಕಡೆಯ ಸಲ ಮುಟ್ಟಾದದ್ದು ಯಾವಾಗ ಎಂದು ಕೇಳಿದೆ. "ಹೆರಿಗೆ ಆದ ಮೇಲೆ ಆಗಲೇ ಇಲ್ಲ, ಹಾಲು ಕೊಡ್ತಾ ಇದ್ದೇನಲ್ಲ" ಎಂದಳು. ಪರೀಕ್ಷೆಯ ಪಟ್ಟಿಯಲ್ಲಿ ಎರಡನೇ ಗೆರೆ ಮೂಡುವವರೆಗೂ ಅವಳು ಮಗುವಿನ ಟೊಪ್ಪಿ ಸರಿಮಾಡುತ್ತಲೇ ಇದ್ದಳು. ಮೊದಲನೆಯದು ಸಿಸೇರಿಯನ್. ಹೊಲಿಗೆ ಹಾಕಿ ವರ್ಷ ಕೂಡ ತುಂಬಿರಲಿಲ್ಲ.

ಕುಂಬಳೆ, ಬದಿಯಡ್ಕ ಕಡೆಯ ಉಪಕೇಂದ್ರಗಳಲ್ಲಿ ನಾನು ಕೆಲಸ ಮಾಡಿದ ವರ್ಷಗಳಲ್ಲಿ ಇದೇ ಮಾತನ್ನು ಬೇರೆ ಬೇರೆ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಆ ಹುಡುಗಿಯದು ಉದಾಸೀನ ಅಲ್ಲ. ಬಾಣಂತನದ ಲೇಹ ಯಾವುದು, ನಂಜಿನ ಪದಾರ್ಥ ಯಾವುದು, ಎಷ್ಟು ದಿನ ಎಣ್ಣೆ ಹಚ್ಚಿ ಮೀಯಬೇಕು ಎಂದು ಹೇಳಿಕೊಡಲು ಮನೆ ತುಂಬ ಜನ ಇದ್ದರು. ಇನ್ನೊಂದು ಬಸಿರು ಸದ್ಯಕ್ಕೆ ಬೇಡವೆಂದರೆ ಏನು ಮಾಡಬೇಕು ಎಂದು ಹೇಳಲು ಮಾತ್ರ ಯಾರೂ ಇರಲಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ಹೆರಿಗೆಯಾಗಿ ಇನ್ನೊಂದು ಬಸಿರು ನಿಲ್ಲುವ ಮೊದಲು ಕನಿಷ್ಠ 24 ತಿಂಗಳು ಕಳೆಯಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೇಗ ನಿಂತ ಬಸಿರಿನಲ್ಲಿ ತಾಯಿಗೆ ರಕ್ತಹೀನತೆ, ಮಗು ದಿನ ತುಂಬುವ ಮೊದಲೇ ಹುಟ್ಟುವುದು, ತೂಕ ಕಡಿಮೆ ಇರುವುದು ಇವೆಲ್ಲ ಹೆಚ್ಚು. ಸಿಸೇರಿಯನ್ ಆದವರಲ್ಲಿ ಗರ್ಭಕೋಶದ ಹೊಲಿಗೆ ಗಟ್ಟಿಯಾಗಲೂ ಸಮಯ ಬೇಕು.

ಹಾಲೂಡಿಸುವುದೇ ಸಾಕೇ?

ಸಾಕು, ಆದರೆ ಮೂರು ಶರತ್ತು ಒಟ್ಟಿಗೆ ಇದ್ದರೆ ಮಾತ್ರ. ಮಗುವಿಗೆ ಆರು ತಿಂಗಳು ತುಂಬಿರಬಾರದು. ಹೆರಿಗೆಯ ನಂತರ ಒಮ್ಮೆಯೂ ಮುಟ್ಟು ಆಗಿರಬಾರದು. ಮಗುವಿಗೆ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಹಗಲು ನಾಲ್ಕು ಗಂಟೆಗಿಂತ, ರಾತ್ರಿ ಆರು ಗಂಟೆಗಿಂತ ಹೆಚ್ಚು ಬಿಡುವೂ ಕೊಡಬಾರದು. ಈ ಮೂರೂ ಸರಿಯಿದ್ದರೆ 100ರಲ್ಲಿ 98 ಮಂದಿಗೆ ಇದು ರಕ್ಷಣೆ ಕೊಡುತ್ತದೆ. ಒಂದು ತಪ್ಪಿದರೂ ಆ ದಿನವೇ ಬೇರೆ ದಾರಿ ಬೇಕು.

ನಮ್ಮ ಕಡೆ ಹೆಚ್ಚಾಗಿ ತಪ್ಪುವುದು ಮೂರನೆಯದು. ಮಗು ಅಳುತ್ತದೆ, ಹಾಲು ಸಾಲುವುದಿಲ್ಲ ಎಂದು ನಾಲ್ಕನೇ ತಿಂಗಳಿಗೇ ಬಾಳೆಕಾಯಿ ಪುಡಿಯದ್ದೋ ರಾಗಿಯದ್ದೋ ಮಣ್ಣಿ ಶುರು ಮಾಡುತ್ತಾರೆ. ಮಣ್ಣಿಯಿಂದ ಹೊಟ್ಟೆ ತುಂಬಿದ ಮಗು ರಾತ್ರಿ ಉದ್ದಕ್ಕೆ ಮಲಗುತ್ತದೆ, ಹಾಲು ಕುಡಿಯುವುದು ಕಡಿಮೆಯಾಗುತ್ತದೆ, ತಾಯಿಯ ಅಂಡಾಶಯ ಎಚ್ಚರವಾಗುತ್ತದೆ. ಅಂಡ ಬಿಡುಗಡೆಯಾಗುವುದು ಮುಟ್ಟಿಗೆ ಸುಮಾರು ಎರಡು ವಾರ ಮೊದಲು. ಆದ್ದರಿಂದ ಹೆರಿಗೆಯ ನಂತರದ ಮೊದಲ ಮುಟ್ಟನ್ನು ಕಾಣದೆಯೇ ಬಸಿರಾಗಬಹುದು. ಹಾಲೇ ಕೊಡದ ತಾಯಿಗಾದರೆ ನಾಲ್ಕನೇ ವಾರದಲ್ಲೇ ಅಂಡ ಬಿಡುಗಡೆಯಾಗುವ ಸಂಭವ ಉಂಟು. ಅಂಥವರು ಮೂರು ವಾರ ತುಂಬುವಾಗಲೇ ಏನಾದರೊಂದು ಆರಿಸಿಕೊಳ್ಳಬೇಕು.

ಹೆರಿಗೆ ಕೋಣೆಯಲ್ಲೇ ಆಗುವಂಥದ್ದು: ಕಾಪರ್ ಟಿ

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇನ್ನೊಂದು ಮಗು ಬೇಕು ಆದರೆ ಎರಡು ಮೂರು ವರ್ಷ ಕಳೆದು ಎನ್ನುವವರಿಗೂ, ಮಕ್ಕಳು ಸಾಕು ಆದರೆ ಆಪರೇಷನ್‌ಗೆ ಮನಸ್ಸು ಒಪ್ಪುವುದಿಲ್ಲ ಎನ್ನುವವರಿಗೂ ನಾನು ಮೊದಲು ಹೇಳುವುದು ಇದನ್ನೇ. ಒಮ್ಮೆ ಗರ್ಭಕೋಶದ ಒಳಗೆ ಹಾಕಿಸಿದರೆ ದಿನಾ ನೆನಪಿಡುವ ಕೆಲಸವಿಲ್ಲ. ಎದೆಹಾಲಿಗೆ ಏನೂ ಆಗುವುದಿಲ್ಲ, ಏಕೆಂದರೆ ಇದರಲ್ಲಿ ಹಾರ್ಮೋನು ಇಲ್ಲ. ತಾಮ್ರವೇ ವೀರ್ಯಾಣುಗಳನ್ನು ತಡೆಯುತ್ತದೆ. ತೆಗೆಸಿದ ತಿಂಗಳೇ ಬಸಿರಾಗಬಹುದು. ವರ್ಷಕ್ಕೆ 100 ಮಂದಿಯಲ್ಲಿ ಒಬ್ಬರಿಗೂ ವಿಫಲವಾಗುವುದಿಲ್ಲ ಎನ್ನುವಷ್ಟು ಭದ್ರ. ಸರಕಾರಿ ಆಸ್ಪತ್ರೆಗಳಲ್ಲಿ ಎರಡು ಬಗೆ ಸಿಗುತ್ತವೆ, 380ಎ ಎಂಬುದು 10 ವರ್ಷಕ್ಕೆ, 375 ಎಂಬುದು 5 ವರ್ಷಕ್ಕೆ. ಎರಡಕ್ಕೂ ದುಡ್ಡಿಲ್ಲ.

ಹೆದರುವವರ ಕೈಗೆ ನಾನು ಅದನ್ನೇ ಕೊಡುತ್ತಿದ್ದೆ. ಕಿರುಬೆರಳಿಗಿಂತ ಗಿಡ್ಡ, ಬಿಳಿ ಪ್ಲಾಸ್ಟಿಕ್ಕಿನದು, ಬಾಗಿಸಿದರೆ ಬಾಗುತ್ತದೆ, ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆ. ನಡುವಿನ ಕಡ್ಡಿಗೆ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿ ಒತ್ತೊತ್ತಾಗಿ ಸುತ್ತಿರುತ್ತದೆ. ಬಾಲದಲ್ಲಿ ಎರಡು ನೂಲು. "ಇಷ್ಟೇನಾ?" ಎಂದು ಕೇಳದವರು ಕಡಿಮೆ. ಅದು ಮೇಲೆ ಏರಿ ಎದೆಗೆ ಹೋಗುತ್ತದೆ ಎಂಬ ಮಾತು ನಮ್ಮ ಊರುಗಳಲ್ಲಿ ಇನ್ನೂ ಓಡಾಡುತ್ತಿದೆ. ಅದು ಸುಳ್ಳು. ಹಾಕುವಾಗ ಗರ್ಭಕೋಶದ ಗೋಡೆಗೆ ಚುಚ್ಚಿ ತೂತಾಗುವುದು ಉಂಟು, ಆದರೆ ಅದು ಸಾವಿರದಲ್ಲಿ ಒಂದೆರಡು ಕಡೆ. ಪಳಗಿದ ಕೈಯಿಂದ ಹಾಕಿಸಿಕೊಳ್ಳಿ ಎನ್ನುವುದು ಅದಕ್ಕೇ.

ಇದಕ್ಕೆ ಸಮಯವೇ ಮುಖ್ಯ. ಮಾಸು ಬಿದ್ದು 10 ನಿಮಿಷದ ಒಳಗೆ ಹಾಕಬಹುದು, ಸಿಸೇರಿಯನ್ ಆದರೆ ಹೊಟ್ಟೆ ಹೊಲಿಯುವ ಮೊದಲೇ ಹಾಕಬಹುದು. ಅದು ತಪ್ಪಿದರೆ 48 ಗಂಟೆಯ ಒಳಗೆ. ಅದೂ ಕಳೆದರೆ ಆರು ವಾರ ಕಾಯಬೇಕು, ನಡುವಿನ ದಿನಗಳಲ್ಲಿ ಹಾಕುವುದಿಲ್ಲ. ಹೆರಿಗೆ ನೋವಿನ ನಡುವೆ ಯಾರಿಗೂ ಯೋಚನೆ ಮಾಡಲು ಆಗುವುದಿಲ್ಲ. ಆದ್ದರಿಂದ ಎಂಟನೇ ತಿಂಗಳ ತಪಾಸಣೆಯಲ್ಲೇ ಹೇಳಿ, ತಾಯಿ ಕಾರ್ಡಿನಲ್ಲಿ ಬರೆಸಿ. ಕೇಳದೆ, ಹೇಳದೆ ಹಾಕಿಬಿಟ್ಟರು ಎಂದು ಆಮೇಲೆ ಅತ್ತವರನ್ನೂ ನಾನು ನೋಡಿದ್ದೇನೆ. ಅದು ತಪ್ಪು. ನಿಮ್ಮ ಒಪ್ಪಿಗೆ ಇಲ್ಲದೆ ಯಾರೂ ಹಾಕುವಂತಿಲ್ಲ, ನೀವು ತೆಗೆಯಿರಿ ಎಂದರೆ ತೆಗೆಯದೆ ಇರುವಂತೆಯೂ ಇಲ್ಲ.

ಹೆರಿಗೆಯ ಕೂಡಲೇ ಹಾಕಿದ್ದು ಜಾರಿ ಬಿದ್ದುಹೋಗುವ ಸಂಭವ ಆಮೇಲೆ ಹಾಕಿದ್ದಕ್ಕಿಂತ ಹೆಚ್ಚು. ಆದ್ದರಿಂದ ಆರನೇ ವಾರದಲ್ಲಿ ತೋರಿಸಲೇಬೇಕು. ಮಗುವಿನ ಒಂದೂವರೆ ತಿಂಗಳ ಚುಚ್ಚುಮದ್ದು ಬರುವುದೂ ಆಗಲೇ, ಒಂದೇ ದಿನ ಎರಡೂ ಮುಗಿಯುತ್ತದೆ. ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನ ರಕ್ತ ಹೆಚ್ಚು ಹೋಗಬಹುದು, ಕೆಳಹೊಟ್ಟೆ ನೋಯಬಹುದು. ಮೊದಲೇ ರಕ್ತ ಕಡಿಮೆ ಇದ್ದು ಮುಟ್ಟೂ ಜೋರಾಗಿ ಹೋಗುವವರು ಡಾಕ್ಟರರ ಹತ್ತಿರ ಮಾತಾಡಿಯೇ ನಿರ್ಧರಿಸಲಿ. ಹೆರಿಗೆಯಲ್ಲಿ ನೀರು ಒಡೆದು 18 ಗಂಟೆ ಮೀರಿದ್ದರೆ, ಸೋಂಕಿನ ಜ್ವರ ಬಂದಿದ್ದರೆ, ರಕ್ತಸ್ರಾವ ನಿಲ್ಲದೆ ಇದ್ದರೆ ಆ ಹೊತ್ತಿಗೆ ಹಾಕುವುದಿಲ್ಲ. ಹಾಕಿಸಿಕೊಂಡ ಮೇಲೆ ಚಳಿಜ್ವರ, ದುರ್ವಾಸನೆಯ ಸ್ರಾವ, ತಡೆಯಲಾಗದ ಹೊಟ್ಟೆನೋವು ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ.

ಹಾರ್ಮೋನು ಇರುವ ಇನ್ನೊಂದು ಬಗೆಯ ಸಾಧನವೂ ಉಂಟು, ಅದನ್ನೂ ಗರ್ಭಕೋಶದಲ್ಲೇ ಇಡುವುದು. ಅದರಲ್ಲಿ ಮುಟ್ಟಿನ ರಕ್ತ ಕಡಿಮೆಯಾಗುತ್ತದೆ. ಆದರೆ ಖಾಸಗಿಯಲ್ಲಿ ಹಾಕಿಸಬೇಕು, ದುಬಾರಿ.

ಅಂತರಾ ಮತ್ತು ಛಾಯಾ

ಹೆಸರು ಕೇಳಿ ಅಕ್ಕತಂಗಿಯರ ಹಾಗೆ ಅನಿಸಿದರೂ ಇವೆರಡೂ ಪೂರ್ತಿ ಬೇರೆ.

ಅಂತರಾ ಎಂದರೆ ಚುಚ್ಚುಮದ್ದು. ಮೂರು ತಿಂಗಳಿಗೊಮ್ಮೆ. ಸರಕಾರದ ಯೋಜನೆಯಲ್ಲಿ 2017ರಿಂದ ಉಚಿತವಾಗಿ ಕೊಡುತ್ತಿದ್ದಾರೆ. ಹಾಲೂಡಿಸುವ ತಾಯಿಗೆ ಆರು ವಾರ ಕಳೆದ ಮೇಲೆ ಶುರು ಮಾಡಬಹುದು. ಮನೆಯಲ್ಲಿ ಗುಳಿಗೆಯ ಪಟ್ಟಿ ಯಾರ ಕಣ್ಣಿಗೂ ಬೀಳಬಾರದು ಎನ್ನುವ ಹೆಣ್ಣುಮಕ್ಕಳು ಇದನ್ನು ಆರಿಸುತ್ತಾರೆ. ಆ ಕಾರಣ ಸಣ್ಣದಲ್ಲ, ಅದಕ್ಕೆ ಯಾರೂ ನಾಚಬೇಕಾಗಿಲ್ಲ. ಚುಚ್ಚಿದ ಜಾಗವನ್ನು ಉಜ್ಜಬಾರದು, ಬಿಸಿ ಕೊಡಬಾರದು, ಮದ್ದು ಬೇಗ ಕರಗಿಹೋಗುತ್ತದೆ. ತಾರೀಖು ತಪ್ಪಿದರೆ ನಾಲ್ಕು ವಾರದವರೆಗೆ ಹಾಕಿಸಿಕೊಳ್ಳಬಹುದು, ಆದರೆ ಅದನ್ನೇ ಅಭ್ಯಾಸ ಮಾಡಿಕೊಳ್ಳಬೇಡಿ. ತಾರೀಖು ಮುಂದೆ ಹಾಕುತ್ತಾ ಹೋಗುವುದರಿಂದಲೇ ವರ್ಷಕ್ಕೆ 100ರಲ್ಲಿ ಸುಮಾರು ನಾಲ್ವರಿಗೆ ಬಸಿರು ನಿಲ್ಲುವುದು.

ಇದರಲ್ಲಿ ಜನ ಗಾಬರಿಯಾಗುವುದು ಮುಟ್ಟಿನ ವಿಷಯಕ್ಕೆ. ಮೊದಮೊದಲು ಹೊತ್ತುಗೊತ್ತಿಲ್ಲದೆ ಸ್ವಲ್ಪ ಸ್ವಲ್ಪ ರಕ್ತ ಕಾಣಿಸುತ್ತದೆ, ಆಮೇಲೆ ಮುಟ್ಟು ನಿಂತೇ ಹೋಗಬಹುದು. "ಕೆಟ್ಟ ರಕ್ತ ಒಳಗೇ ಉಳಿಯುತ್ತದಲ್ಲ" ಎಂದು ಅತ್ತೆಯಂದಿರು ಕೇಳುತ್ತಾರೆ. ಒಳಗೆ ಏನೂ ಉಳಿಯುವುದಿಲ್ಲ, ಗರ್ಭಕೋಶದ ಒಳಪದರ ಬೆಳೆಯುವುದೇ ಇಲ್ಲ, ಅದಕ್ಕೇ ಹೊರಗೆ ಬರಲೂ ಏನಿಲ್ಲ. ಕೆಲವರಿಗೆ ತೂಕ ಏರುತ್ತದೆ. ಇನ್ನೊಂದು ಮಗು ಬೇಕೆಂದು ನಿಲ್ಲಿಸಿದರೆ ಕಡೆಯ ಚುಚ್ಚುಮದ್ದಿನಿಂದ ಏಳರಿಂದ ಹತ್ತು ತಿಂಗಳು ಕಾಯಬೇಕಾಗಬಹುದು. ಒಂದೂವರೆ ವರ್ಷದಲ್ಲೇ ಎರಡನೆಯದಕ್ಕೆ ಮನಸ್ಸು ಮಾಡಿದವರಿಗೆ ಇದು ಸರಿಹೊಂದುವುದಿಲ್ಲ. ರಕ್ತದೊತ್ತಡ ತುಂಬ ಹೆಚ್ಚಿರುವವರು, ಸ್ತನದ ಕ್ಯಾನ್ಸರ್ ಬಂದವರು ಇದನ್ನು ತೆಗೆದುಕೊಳ್ಳಬಾರದು.

ಛಾಯಾ ಎಂಬುದು ಗುಳಿಗೆ, ಅದರಲ್ಲಿ ಹಾರ್ಮೋನು ಇಲ್ಲ. ಅದರ ಮದ್ದನ್ನು ಕಂಡುಹಿಡಿದದ್ದು ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ. ಅಂಗಡಿಯಲ್ಲಿ ಸಹೇಲಿ ಎಂಬ ಹೆಸರಿನಲ್ಲಿ ಸಿಗುವುದೂ ಇದೇ. ತಯಾರಿಸುವುದು ತಿರುವನಂತಪುರದ ಎಚ್‌ಎಲ್‌ಎಲ್ ಲೈಫ್‌ಕೇರ್, ನಿರೋಧ್ (ಕಾಂಡೋಮ್) ಮಾಡುವ ಅದೇ ಸರಕಾರಿ ಕಂಪನಿ. ಹಾಲೂಡಿಸುವ ತಾಯಿ ಹೆರಿಗೆಯಾದ ಮೇಲೆ ಯಾವಾಗ ಬೇಕಾದರೂ ಶುರು ಮಾಡಬಹುದು, ಹಾಲು ಕಡಿಮೆಯಾಗುವುದಿಲ್ಲ.

ತೊಡಕು ಲೆಕ್ಕದಲ್ಲಿ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ನಾಲ್ಕನೇ ತಿಂಗಳಿಂದ ವಾರಕ್ಕೆ ಒಂದು. ಭಾನುವಾರ ಮೊದಲ ಗುಳಿಗೆ ನುಂಗಿದರೆ ಎರಡನೆಯದು ಬುಧವಾರ, ಮತ್ತೆ ಭಾನುವಾರ, ಬುಧವಾರ. ಮೂರು ತಿಂಗಳಾದ ಮೇಲೆ ಭಾನುವಾರ ಮಾತ್ರ. ದಿನಾ ನುಂಗುವ ಗುಳಿಗೆ ಹಲ್ಲುಜ್ಜುವ ಹಾಗೆ ರೂಢಿಯಾಗುತ್ತದೆ, ವಾರಕ್ಕೊಮ್ಮೆಯದ್ದು ಮರೆಯುತ್ತದೆ. ನೀರ್ಚಾಲಿನ ಕಡೆಯ ಒಬ್ಬಳು ತಾಯಿ ಗೋಡೆಯ ಕ್ಯಾಲೆಂಡರಿನಲ್ಲಿ ಎಲ್ಲ ಭಾನುವಾರಗಳ ಮೂಲೆಗೆ ಕುಂಕುಮದ ಸಣ್ಣ ಬೊಟ್ಟು ಇಟ್ಟಿದ್ದಳು, ನುಂಗಿದ ದಿನ ಅದರ ಮೇಲೆ ಪೆನ್ನಿನಿಂದ ಒಂದು ಗೆರೆ. ಮನೆಯವರು ಅದನ್ನು ಯಾವುದೋ ವ್ರತದ ಲೆಕ್ಕ ಎಂದುಕೊಂಡಿದ್ದರಂತೆ. ಮೂರು ವರ್ಷ ಒಂದೂ ತಪ್ಪಲಿಲ್ಲ. ಮರೆತು ಏಳು ದಿನದ ಒಳಗಾದರೆ ನೆನಪಾದ ಕೂಡಲೇ ನುಂಗಿ, ಮುಂದಿನ ಮುಟ್ಟಿನವರೆಗೆ ನಿರೋಧ್ ಬಳಸಿ. ಏಳು ದಿನ ದಾಟಿದರೆ ಮತ್ತೆ ಮೊದಲಿನಿಂದ, ವಾರಕ್ಕೆ ಎರಡರ ಲೆಕ್ಕ. ಮುಟ್ಟು ಮುಂದೆ ಹೋಗುವುದು ಇದರಲ್ಲಿ ಸಹಜ, ಆದರೂ ತಡವಾಗಿ ಸಂಶಯ ಬಂದರೆ ಪರೀಕ್ಷೆ ಮಾಡಿಸಿ. ಪಿಸಿಒಡಿ, ಅಂದರೆ ಅಂಡಾಶಯದಲ್ಲಿ ನೀರುಗುಳ್ಳೆಗಳ ತೊಂದರೆ ಇರುವವರಿಗೆ, ಕಾಮಾಲೆಯಾಗಿ ಲಿವರ್ ತೊಂದರೆ ಇರುವವರಿಗೆ ಇದು ಬೇಡ.

ಮಾಲಾ-ಎನ್, ನಿರೋಧ್

ಮಾಲಾ-ಎನ್ ದಿನಾ ನುಂಗುವ ಗುಳಿಗೆ, ಎರಡು ಹಾರ್ಮೋನು ಸೇರಿದ್ದು. ಹಾಲೂಡಿಸುವ ತಾಯಿ ಆರು ತಿಂಗಳವರೆಗೆ ಇದನ್ನು ಮುಟ್ಟಬಾರದು. ನಾದಿನಿ ತೆಗೆದುಕೊಳ್ಳುತ್ತಿದ್ದಾಳೆ ಎಂದು ಅವಳ ಪಟ್ಟಿಯಿಂದಲೇ ತೆಗೆದು ನುಂಗಿದವರಿದ್ದಾರೆ, ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ. ಬಸಿರಿನಲ್ಲಿ ರಕ್ತದೊತ್ತಡ ಏರಿದ್ದವರು, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು ಆಮೇಲೂ ಡಾಕ್ಟರರನ್ನು ಕೇಳದೆ ತೆಗೆದುಕೊಳ್ಳಬಾರದು. ಒಂದೇ ಹಾರ್ಮೋನಿನ ಗುಳಿಗೆಯನ್ನು ಹಾಲೂಡಿಸುವಾಗಲೂ ತೆಗೆದುಕೊಳ್ಳಬಹುದು. ಅದನ್ನು ಡಾಕ್ಟರ್ ಬರೆದುಕೊಟ್ಟರೆ ಮದ್ದಿನ ಅಂಗಡಿಯಲ್ಲಿ ಕೊಳ್ಳಬೇಕು, ದಿನಾ ಒಂದೇ ಹೊತ್ತಿಗೆ ನುಂಗಬೇಕು.

ನಿರೋಧ್ ಆಶಾ ಕಾರ್ಯಕರ್ತೆಯ ಚೀಲದಲ್ಲೇ ಉಂಟು. ಲೈಂಗಿಕ ರೋಗಗಳಿಂದಲೂ ಕಾಯುವುದು ಇದೊಂದೇ. ಆದರೆ ಇದನ್ನೇ ನಂಬಿದವರಲ್ಲಿ ವರ್ಷಕ್ಕೆ 100ರಲ್ಲಿ 13 ಮಂದಿಗೆ ಬಸಿರು ನಿಲ್ಲುತ್ತದೆ, ಕಾರಣ "ಇವತ್ತೊಂದು ದಿನ ಪರವಾಗಿಲ್ಲ" ಎನ್ನುವುದು. ಹರಿದುಹೋದರೆ ಅಥವಾ ಬಳಸದೆ ಹೋದರೆ 72 ಗಂಟೆಯ ಒಳಗೆ ನುಂಗುವ ತುರ್ತು ಗುಳಿಗೆ ಉಂಟು. ಹಾಲೂಡಿಸುವವರೂ ನುಂಗಬಹುದು. ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ಪ್ರತಿ ತಿಂಗಳೂ ಅದನ್ನೇ ನುಂಗಿ ಕಾಲ ತಳ್ಳಬೇಡಿ.

ಗಂಡ ಗಲ್ಫಿನಲ್ಲಿದ್ದರೆ

ನಮ್ಮ ಜಿಲ್ಲೆಯ ಮಟ್ಟಿಗೆ ಇದು ದೊಡ್ಡ ಪ್ರಶ್ನೆ. ಗಂಡ ಬರುವುದು ವರ್ಷಕ್ಕೆ ಒಂದೂವರೆ ಎರಡು ತಿಂಗಳು, ಉಳಿದ ದಿನಕ್ಕೆ ಯಾಕೆ ಮದ್ದು ಎಂದು ಕೇಳುತ್ತಾರೆ. ನ್ಯಾಯವಾದ ಮಾತು. ಆದರೆ ಟಿಕೆಟ್ ಆದ ದಿನ ಗುಳಿಗೆ ಹುಡುಕಲು ಹೊರಟರೆ ತಡವಾಗುತ್ತದೆ. ಮುಟ್ಟು ಮತ್ತೆ ಶುರುವಾದವರು ಛಾಯಾವನ್ನು ಮುಟ್ಟಿನ ಮೊದಲ ದಿನ ಶುರು ಮಾಡುವುದು ಕ್ರಮ, ಅಂದರೆ ಗಂಡ ಬರುವ ತಿಂಗಳಿಗೆ ಮೊದಲಿನ ಮುಟ್ಟಿನಲ್ಲೇ ಶುರುವಾಗಿರಬೇಕು. ಮೂರು ತಿಂಗಳ ರಕ್ಷಣೆಗೆ ಅಂತರಾದ ಒಂದು ಚುಚ್ಚುಮದ್ದು ಸಾಕಾಗುತ್ತದೆ, ಆದರೆ ಎರಡು ತಿಂಗಳ ರಜೆಯಲ್ಲಿ ದಿನ ಬಿಟ್ಟು ದಿನ ರಕ್ತ ಕಾಣಿಸಿಕೊಂಡರೆ ಇಬ್ಬರಿಗೂ ಬೇಸರ. ವರ್ಷ ವರ್ಷವೂ ಹೀಗೆ ಬಂದು ಹೋಗುವವರಾದರೆ ಕಾಪರ್ ಟಿ ಒಮ್ಮೆ ಹಾಕಿಸಿ ಮರೆತುಬಿಡುವುದು ಮೇಲು ಎಂದು ನಾನು ಹೇಳುತ್ತೇನೆ. ಗಂಡ ಇಲ್ಲದ ತಿಂಗಳುಗಳಲ್ಲಿ ಅದರಿಂದ ಯಾವ ಕೆಡುಕೂ ಇಲ್ಲ.

ಮಕ್ಕಳು ಸಾಕು ಎಂದಾದರೆ: ಅವಳಿಗೋ, ಅವನಿಗೋ

ಹೆಂಗಸರ ಆಪರೇಷನ್ನನ್ನು ಸಿಸೇರಿಯನ್ ಜೊತೆಗೇ ಮಾಡುತ್ತಾರೆ. ಸಹಜ ಹೆರಿಗೆಯಾದರೆ ಏಳು ದಿನದ ಒಳಗೆ ಹೊಕ್ಕುಳ ಕೆಳಗೆ ಸಣ್ಣ ಗಾಯ ಮಾಡಿ ಮಾಡುತ್ತಾರೆ. ಸಣ್ಣ ತೂತಿನಿಂದ ದುರ್ಬೀನು ಹಾಕಿ ಮಾಡುವ ಲ್ಯಾಪ್ರೊಸ್ಕೋಪಿಯಾದರೆ ಆರು ವಾರ ಕಳೆಯಬೇಕು. ಸರಕಾರದ ನಿಯಮದಲ್ಲಿ ಹೆಂಗಸಿಗೆ 22 ತುಂಬಿರಬೇಕು, 49 ದಾಟಿರಬಾರದು, ಒಂದು ಮಗುವಿಗಾದರೂ ವರ್ಷ ತುಂಬಿರಬೇಕು. ಗಂಡನ ಸಹಿ ಬೇಕೆಂದು ಕಾನೂನಿನಲ್ಲಿ ಇಲ್ಲ, ಅವಳ ಒಪ್ಪಿಗೆಯೇ ಸಾಕು. ಇದು ಶಾಶ್ವತ. ಕತ್ತರಿಸಿದ ನಳಿಕೆಯನ್ನು ಮತ್ತೆ ಜೋಡಿಸಬಹುದಂತೆ ಎಂಬ ಮಾತನ್ನು ನಂಬಿ ಮಾಡಿಸಿಕೊಳ್ಳಬೇಡಿ. ಎರಡನೇ ಮಗು ಇನ್ನೂ ಐಸಿಯುವಿನಲ್ಲಿದ್ದಾಗ ಆ ಗಡಿಬಿಡಿಯಲ್ಲೂ ಬೇಡ, ಆಮೇಲೆ ಮಾಡಿಸಬಹುದು.

ಗಂಡಸರದ್ದು ಇದಕ್ಕಿಂತ ಎಷ್ಟೋ ಸುಲಭ. ಜಾಗ ಮರಗಟ್ಟಿಸಿ, ಬ್ಲೇಡು ತಾಗಿಸದೆ, ಸೂಜಿಮೊನೆಯಷ್ಟು ತೂತಿನಿಂದ ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಹೊಲಿಗೆ ಇಲ್ಲ, ಅದೇ ದಿನ ಮನೆಗೆ. ಹೊಟ್ಟೆ ತೆರೆಯುವುದಿಲ್ಲ. ವಿಫಲವಾಗುವುದೂ ಹೆಂಗಸರ ಆಪರೇಷನ್ನಿಗಿಂತ ಕಡಿಮೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಂಗಸರ ಆಪರೇಷನ್ನನ್ನು ನೆಚ್ಚಿದ ದಂಪತಿಗಳು 100ರಲ್ಲಿ ಸುಮಾರು 38, ಗಂಡಸರದ್ದು ಒಂದೂ ಇಲ್ಲ, 0.3. ಹೆತ್ತು, ಹಾಲೂಡಿಸಿ, ನಿದ್ದೆಗೆಟ್ಟ ಮೈಯೇ ಚಾಕುವಿಗೂ ಒಡ್ಡಿಕೊಳ್ಳಬೇಕು ಎಂಬುದು ನನಗೆ ಈಗಲೂ ಸಂಕಟ. ನಮ್ಮ ಕೇರಳದ ಎರ್ನಾಕುಳಂನಲ್ಲೇ 1971ರಲ್ಲಿ ಒಂದು ಶಿಬಿರಕ್ಕೆ 60 ಸಾವಿರಕ್ಕೂ ಹೆಚ್ಚು ಗಂಡಸರು ಬಂದು ಮಾಡಿಸಿಕೊಂಡಿದ್ದರು. ಆಗ ಹಣ, ಸಾಮಾನು ಕೊಡುತ್ತಿದ್ದರು ನಿಜ. ಆದರೂ ಬಂದ ಗಂಡಸರು ದುಡಿಯುವವರೇ, ಮರುವಾರ ಮತ್ತೆ ಕೆಲಸಕ್ಕೆ ಹೋದವರೇ.

ಶಕ್ತಿ ಹೋಗುತ್ತದೆ, ಅಡಿಕೆ ಮರ ಏರಲು ಆಗುವುದಿಲ್ಲ ಎಂಬ ಭಯ ನಮ್ಮ ಗಂಡಸರಿಗೆ. ಕತ್ತರಿಸುವುದು ವೀರ್ಯಾಣು ಬರುವ ನಳಿಕೆಯನ್ನು ಮಾತ್ರ. ಗಂಡಸುತನದ ಹಾರ್ಮೋನು ರಕ್ತಕ್ಕೆ ಸೇರುವುದು, ಅದಕ್ಕೆ ಈ ನಳಿಕೆ ಬೇಡ. ಎರಡು ದಿನ ವಿಶ್ರಾಂತಿ, ಒಂದು ವಾರ ಭಾರ ಎತ್ತಬಾರದು, ಅಷ್ಟೇ. ಒಂದು ವಿಷಯ ಮಾತ್ರ ಮರೆಯಬಾರದು: ಮೂರು ತಿಂಗಳವರೆಗೆ ಬೇರೆ ರಕ್ಷಣೆ ಬೇಕೇ ಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಡಾಕ್ಟರ್ ಸರಿ ಎಂದ ಮೇಲೆಯೇ ಬಿಡಬೇಕು. ಇದನ್ನು ಹೇಳಿಸಿಕೊಳ್ಳದೆ ಹೋದವರ ಮನೆಯಲ್ಲಿ ಆಮೇಲೆ ಹೆಂಡತಿಯ ಮೇಲೆ ಸಂಶಯ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಾಗದ ಯಾವ ಭಾಷೆಯಲ್ಲಿದೆ?

ಕನ್ನಡ ಮಾತ್ರ ಓದಲು ಬರುವ ತಾಯಂದಿರಿಗೆ ಇಲ್ಲಿ ಇನ್ನೊಂದು ಕಷ್ಟ ಉಂಟು. ಒಪ್ಪಿಗೆಯ ಕಾಗದ ಮಲಯಾಳದಲ್ಲಿರುತ್ತದೆ. ಹೆರಿಗೆಗೆ ತಲಪಾಡಿ ದಾಟಿ ಮಂಗಳೂರಿಗೆ ಹೋದವರಿಗೆ ಕನ್ನಡ ಸಿಗಬಹುದು, ಆದರೆ ಆರು ವಾರದ ತಪಾಸಣೆಗೆ ಮತ್ತೆ ಊರಿನ ಆಸ್ಪತ್ರೆಗೇ ಬರುತ್ತಾರೆ. ಏನು ಹಾಕಿದ್ದಾರೆ, ಯಾವ ದಿನ, ಎಷ್ಟು ವರ್ಷದ್ದು ಎಂಬುದು ಡಿಸ್ಚಾರ್ಜ್ ಚೀಟಿಯಲ್ಲಿ ಸ್ಪಷ್ಟವಾಗಿ ಇದೆಯೇ ಎಂದು ಅಲ್ಲೇ ನೋಡಿ, ಆ ಚೀಟಿಯನ್ನು ಮಗುವಿನ ಚುಚ್ಚುಮದ್ದಿನ ಕಾರ್ಡಿನ ಜೊತೆಗೇ ಇಡಿ. ಮಲಯಾಳದ ಕಾಗದವಾದರೆ ಓದಿ ಹೇಳಿ ಎಂದು ಕೇಳಲು ಸಂಕೋಚ ಬೇಡ. ಸಹಿ ಹಾಕುವುದು ನೀವು.

ಒಂದು ಆಸ್ಪತ್ರೆಯಲ್ಲಿ ಎರಡನೇ ಹೆರಿಗೆಯಾದ ಮರುದಿನ ಒಬ್ಬಳ ಮುಂದೆ ಕಾಗದ ಇಟ್ಟು, "ಪ್ರಸವಂ ನಿರ್ತ್ತಲ್, ಒಪ್ಪಿಟ್ಟೋಳು" ಎಂದರು. ಹೆರಿಗೆ ನಿಲ್ಲಿಸುವುದು, ಸಹಿ ಹಾಕು ಎಂದರ್ಥ. ಅವಳು ಪೆನ್ನು ತೆಗೆದುಕೊಂಡಳು, ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಅಕ್ಕಾ, ಇದು ಸದ್ಯಕ್ಕೆ ನಿಲ್ಲಿಸುವುದಾ, ಪೂರ್ತಿ ನಿಲ್ಲಿಸುವುದಾ?" ಪೂರ್ತಿ ಎಂದೆ. ಅವಳು ಪೆನ್ನನ್ನು ಕಾಗದದ ಮೇಲೆ ಅಡ್ಡ ಇಟ್ಟು, ತೊಟ್ಟಿಲಿನ ಕಡೆ ಸ್ವಲ್ಪ ಹೊತ್ತು ನೋಡಿದಳು. 48 ಗಂಟೆ ಆಗಲು ಇನ್ನೂ ಒಂದು ರಾತ್ರಿ ಇತ್ತು. ಸಂಜೆ ಅವಳ ಅಮ್ಮ ಬಂದ ಮೇಲೆ ಇಬ್ಬರಿಗೂ ಕಾಪರ್ ಟಿ ತೋರಿಸಿದೆ. ಮರುದಿನ ಬೆಳಿಗ್ಗೆ ಅದನ್ನು ಹಾಕಿಸಿಕೊಂಡು, ಚೀಟಿಯಲ್ಲಿ ತಾರೀಖು ಬರೆಸಿಕೊಂಡು ಮನೆಗೆ ಹೋದಳು.